ಗಡಿ ದಾಟುವ ಸೈಕಲ್ಲು, ದಾರಿ ದಾಟಲಾಗದ ಸೈಕಲ್ಲು

ಭಾನುವಾರದ ಬೆಳಗ್ಗೆ ಮರವಂತೆಯ ರಸ್ತೆಯಲ್ಲಿ ನಿಂತರೆ ಎರಡು ಬಗೆಯ ಸೈಕಲ್ ಸವಾರರು ಕಣ್ಣಿಗೆ ಬೀಳುತ್ತಾರೆ. ಒಂದೆಡೆ ಕಡಲು, ಮತ್ತೊಂದೆಡೆ ಸೌಪರ್ಣಿಕಾ. ನಡುವಿನ ಹೆದ್ದಾರಿಯಲ್ಲಿ ಹೆಲ್ಮೆಟ್ ತೊಟ್ಟು, ಮೈಗಂಟುವ ಬಣ್ಣದ ಅಂಗಿ ಧರಿಸಿ, ತೆಳುವಾದ ಟೈರಿನ ದುಬಾರಿ ಸೈಕಲ್ ಏರಿ ಸಾಗುವ ಹವ್ಯಾಸಿಗಳು ಮೊದಲ ಬಗೆ. ಲುಂಗಿ ಎತ್ತಿ ಕಟ್ಟಿ, ಹಿಂದಿನ ಕ್ಯಾರಿಯರಿಗೆ ಮೀನಿನ ಪೆಟ್ಟಿಗೆ ಬಿಗಿದು, ಬಿಳಿ ಗೆರೆಯ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಸಾಗುವ ದುಡಿಮೆಗಾರರು ಎರಡನೆಯ ಬಗೆ. ಮೊದಲನೆಯವರ ಸಂಖ್ಯೆ ಹೆಚ್ಚುತ್ತಿದೆ, ಎರಡನೆಯವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಯುರೋಪಿನ ದೇಶದೇಶಗಳನ್ನು ದಾಟಿ ಓಡುವ ಸೈಕಲ್ ಸ್ಪರ್ಧೆಗಳ ಚರಿತ್ರೆಯನ್ನು ಕುಂದಾಪುರದಲ್ಲಿ ಕುಳಿತು ಓದುವ ನನ್ನಂಥವನಿಗೆ ಈ ಎರಡು ದೃಶ್ಯಗಳನ್ನು ಬೇರ್ಪಡಿಸಿ ನೋಡಲು ಸಾಧ್ಯವಾಗುತ್ತಿಲ್ಲ.

ಹಲವು ದಿನಗಳ ಸೈಕಲ್ ಸ್ಪರ್ಧೆಯ ಮೂಲ ಇರುವುದು ಕ್ರೀಡಾಂಗಣದಲ್ಲಲ್ಲ, ಪತ್ರಿಕಾ ಕಚೇರಿಯಲ್ಲಿ. ಪ್ರಸಾರ ಹೆಚ್ಚಿಸಿಕೊಳ್ಳುವ ತವಕದಲ್ಲಿದ್ದ 'ಲೋಟೊ' ಎಂಬ ಪತ್ರಿಕೆ 1903ರಲ್ಲಿ 'ಟೂರ್ ದ ಫ್ರಾನ್ಸ್' ಆರಂಭಿಸಿತು. ಆ ಪತ್ರಿಕೆ ಅಚ್ಚಾಗುತ್ತಿದ್ದುದು ಹಳದಿ ಕಾಗದದ ಮೇಲೆ. ಮುನ್ನಡೆಯಲ್ಲಿರುವ ಸವಾರನಿಗೆ 1919ರಿಂದ ತೊಡಿಸುತ್ತಿರುವ ಅಂಗಿಯ ಬಣ್ಣವೂ ಹಳದಿ. ಇಟಲಿಯಲ್ಲಿ 'ಗಜೆಟಾ ದೆಲ್ಲೊ ಸ್ಪೋರ್ಟ್' ಪತ್ರಿಕೆ 1909ರಲ್ಲಿ 'ಜಿರೊ ದಿತಾಲಿಯಾ' ನಡೆಸಿತು. ಅದರ ಕಾಗದ ಗುಲಾಬಿ, ಆದ್ದರಿಂದ ಅಲ್ಲಿನ ನಾಯಕನ ಅಂಗಿಯೂ ಗುಲಾಬಿ. ಓದುಗ ಬೆಳಗ್ಗೆ ಪತ್ರಿಕೆ ಕೊಂಡು, ನಿನ್ನೆ ಯಾರು ಯಾವ ಬೆಟ್ಟ ಹತ್ತಿದರೆಂದು ತಿಳಿದು, ನಾಳೆಯ ಪತ್ರಿಕೆಗೆ ಕಾಯಬೇಕು. ಧಾರಾವಾಹಿ ಕಾದಂಬರಿಯ ತಂತ್ರವನ್ನೇ ರಸ್ತೆಗೆ ಇಳಿಸಿದ ಜಾಣತನ ಅದು.

ಸ್ಪರ್ಧೆಯ ನಿಯಮ ಕೇಳಲು ಸರಳ. ದಿನಕ್ಕೊಂದು ಘಟ್ಟದಂತೆ ಊರಿನಿಂದ ಊರಿಗೆ ಓಟ. ಎಲ್ಲ ದಿನಗಳ ಸಮಯವನ್ನು ಕೂಡಿಸಿದಾಗ ಯಾರ ಮೊತ್ತ ಕಡಿಮೆಯೋ ಅವನು ವಿಜಯಿ. ಒಂದು ದಿನವೂ ಮೊದಲಿಗನಾಗದೆ ಒಟ್ಟು ಸ್ಪರ್ಧೆ ಗೆಲ್ಲಬಹುದು; ನಾಲ್ಕು ದಿನ ಮೊದಲಿಗನಾಗಿಯೂ ಐದನೆಯ ದಿನ ಬೆಟ್ಟದಲ್ಲಿ ಬಸವಳಿದು ಸೋಲಬಹುದು. ಗಾಳಿಯನ್ನು ಸೀಳುವ ಶ್ರಮ ಮುಂದಿನವನದು, ಅವನ ಬೆನ್ನ ಹಿಂದಿರುವವನಿಗೆ ಅದರ ಲಾಭ. ಆದ್ದರಿಂದ ಒಂಟಿ ಸವಾರನಿಗಿಂತ ತಂಡ ದೊಡ್ಡದು. ನಾಯಕನಿಗೆ ನೀರು ತಂದುಕೊಡುವ, ಅವನ ಚಕ್ರ ಕೆಟ್ಟರೆ ತನ್ನ ಚಕ್ರವನ್ನೇ ಬಿಚ್ಚಿಕೊಡುವ ಸವಾರರ ಹೆಸರು ಪಟ್ಟಿಯ ತಳದಲ್ಲಿರುತ್ತದೆ. ಗೆಲುವಿನ ದೊಡ್ಡ ಪಾಲು ಮಾತ್ರ ಅವರದೇ.

ರಸ್ತೆಯ ಮೇಲೆ ನಡೆಯುವ ಆಟ ಗಡಿಯ ರಾಜಕಾರಣದಿಂದ ಬಹುಕಾಲ ದೂರ ಉಳಿಯುವುದು ಸಾಧ್ಯವಿರಲಿಲ್ಲ. ಅಂದು ಜರ್ಮನಿಯ ವಶದಲ್ಲಿದ್ದ ಮೆಟ್ಜ್ ನಗರಕ್ಕೆ ಫ್ರಾನ್ಸಿನ ಸ್ಪರ್ಧೆ 1907ರಿಂದ 1910ರವರೆಗೆ ಹೋಗಿ ಬರುತ್ತಿತ್ತು. ಕಳೆದುಕೊಂಡ ನೆಲದ ಜನರು ಫ್ರೆಂಚ್ ಸವಾರರನ್ನು ಕಂಡು ಸಂಭ್ರಮಿಸುವುದನ್ನು ಜರ್ಮನ್ ಅಧಿಕಾರಿಗಳು ಸಹಿಸಲಿಲ್ಲ. ಆ ದಾರಿ ಮುಚ್ಚಿತು. ಎರಡನೆಯ ಮಹಾಯುದ್ಧ ಮುಗಿದು ಮೂರೇ ವರ್ಷಗಳಾಗಿದ್ದಾಗ, 1948ರಲ್ಲಿ, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾದ ಎರಡು ಪಕ್ಷ-ಪತ್ರಿಕೆಗಳು ಸೇರಿ ವಾರ್ಸಾ ಮತ್ತು ಪ್ರಾಗ್ ನಗರಗಳ ನಡುವೆ ಒಂದು ಓಟ ಏರ್ಪಡಿಸಿದವು. 1952ರಲ್ಲಿ ಪೂರ್ವ ಜರ್ಮನಿಯ ಪತ್ರಿಕೆಯೂ ಕೂಡಿಕೊಂಡು, ಬರ್ಲಿನ್ ಸಹ ದಾರಿಗೆ ಸೇರಿತು. ಅದೇ 'ಶಾಂತಿ ಓಟ'. ಪಿಕಾಸೋ ಬರೆದ ಬಿಳಿ ಪಾರಿವಾಳ ಅದರ ಲಾಂಛನ. ಕೆಲವೇ ವರ್ಷಗಳ ಹಿಂದೆ ಪರಸ್ಪರ ಕಾದಾಡಿ ಬೂದಿಯಾಗಿದ್ದ ಊರುಗಳ ನಡುವೆ ಸೈಕಲ್ಲುಗಳು ಓಡಾಡಿದವು. ಇದು ಸಣ್ಣ ಸಂಗತಿಯಲ್ಲ.

ಆದರೆ ಶಾಂತಿಯ ಹೆಸರಿನ ಓಟವೂ ಪ್ರಭುತ್ವದ ಕೈಯಲ್ಲಿನ ಸಾಧನವೇ ಆಗಿತ್ತು. ಚೆರ್ನೋಬಿಲ್ ಅಣುಸ್ಥಾವರದ ದುರಂತ ಘಟಿಸಿದ್ದು 1986ರ ಏಪ್ರಿಲ್ 26ರಂದು. ಅದಾದ ಹತ್ತೇ ದಿನಕ್ಕೆ, ಅಲ್ಲಿಂದ ಹೆಚ್ಚು ದೂರವಿಲ್ಲದ ಕೀವ್ ನಗರದಲ್ಲಿ ಆ ವರ್ಷದ ಶಾಂತಿ ಓಟಕ್ಕೆ ಚಾಲನೆ ನೀಡಲಾಯಿತು. ಪಶ್ಚಿಮದ ಹಲವು ತಂಡಗಳು ಬರಲಿಲ್ಲ. ಬಂದವರು ಆ ಗಾಳಿಯಲ್ಲಿಯೇ ಸೈಕಲ್ ತುಳಿದರು. ಎಲ್ಲವೂ ಸುರಳೀತವಾಗಿದೆಯೆಂದು ಜಗತ್ತಿಗೆ ತೋರಿಸಬೇಕಾಗಿದ್ದ ಸರ್ಕಾರಕ್ಕೆ ಸವಾರರ ಶ್ವಾಸಕೋಶ ಮುಖ್ಯವೆನಿಸಲಿಲ್ಲ. ಮುಂದೆ ಸಮಾಜವಾದಿ ಆಡಳಿತಗಳು ಕುಸಿದವು, ಹಣ ಕೊಡುವವರು ಕಾಣದಾದರು. ವೃತ್ತಿಪರರ ಶಾಂತಿ ಓಟ ಕೊನೆಯ ಬಾರಿಗೆ ನಡೆದದ್ದು 2006ರಲ್ಲಿ.

ಸರ್ಕಾರ ಬಿಟ್ಟ ಜಾಗಕ್ಕೆ ಮಾರುಕಟ್ಟೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಬಹುದೇಶೀಯ ಸ್ಪರ್ಧೆ ಉದಾಹರಣೆ. ನೆದರ್ಲೆಂಡ್ಸ್ ದೇಶಕ್ಕೆ 1948ರಿಂದ ತನ್ನದೇ ಒಂದು ಓಟವಿತ್ತು. ಜಾಗತಿಕ ವೃತ್ತಿಪರ ಸರಣಿಯನ್ನು ಹೊಸದಾಗಿ ಕಟ್ಟಿದ 2005ರಲ್ಲಿ ಅದನ್ನು ವಿಸ್ತರಿಸಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಂಬ ಮೂರು ನೆರೆ ದೇಶಗಳಿಗೂ ಸೇರಿದ ಓಟವನ್ನಾಗಿ ಮಾಡುವ ಆಲೋಚನೆ ಮೂಡಿತು. ಬೆಲ್ಜಿಯಂ ಮತ್ತು ಲಕ್ಸೆಂಬರ್ಗ್ ತಮ್ಮ ತಮ್ಮ ಓಟಗಳನ್ನು ಬಿಟ್ಟುಕೊಡಲು ಒಪ್ಪಲಿಲ್ಲ, ಅವು ಪ್ರತ್ಯೇಕವಾಗಿಯೇ ಉಳಿದವು. ಹೊಸ ಓಟಕ್ಕೆ ನೆಲದ ಹೆಸರಿನ ಬದಲು ಒಂದು ವಿದ್ಯುತ್ ಕಂಪನಿಯ ಹೆಸರು ಬಂತು: 'ಎನೆಕೊ ಟೂರ್'. ಅದು 2017ರಲ್ಲಿ ಷೇರು ವಹಿವಾಟಿನ ಬ್ಯಾಂಕೊಂದರ ಹೆಸರು ಹೊತ್ತು 'ಬಿಂಕ್‌ಬ್ಯಾಂಕ್ ಟೂರ್' ಆಯಿತು. 2021ರಲ್ಲಿ ಒಂದೇ ಒಂದು ವರ್ಷ 'ಬೆನೆಲಕ್ಸ್ ಟೂರ್' ಎಂಬ ನಾಡಿನ ಹೆಸರು ದಕ್ಕಿತು. 2022ರಲ್ಲಿ ಓಟವೇ ನಡೆಯಲಿಲ್ಲ. 2023ರಲ್ಲಿ ತ್ಯಾಜ್ಯ ಸಂಸ್ಕರಣೆಯ ಕಂಪನಿಯ ಹೆಸರಿನಲ್ಲಿ 'ರೆನೆವಿ ಟೂರ್' ಆಗಿ ಮರಳಿತು. ವಿದ್ಯುತ್ತು, ಷೇರು, ಕಸ: ಎರಡೇ ದಶಕಗಳಲ್ಲಿ ಒಂದು ಓಟ ಇಷ್ಟು ಬಾರಿ ನಾಮಕರಣಗೊಂಡಿತು.

ಹೆಸರು ಬದಲಾದರೂ ಜನ ಅದನ್ನು ಗುರುತಿಸುತ್ತಾರೆ. ಕಾರಣ, ಬೆಲ್ಜಿಯಂನ ಖೆರಾರ್ಡ್ಸ್‌ಬರ್ಖನ್ ಎಂಬ ಊರಿನಲ್ಲಿ ಕಲ್ಲು ಹಾಸಿದ ಕಡಿದಾದ ಒಂದು ಏರು ಇದೆ. ತುದಿಯಲ್ಲಿ ಪುಟ್ಟ ಪ್ರಾರ್ಥನಾ ಮಂದಿರ. ಹಲವು ವರ್ಷಗಳ ಅಂತಿಮ ನಿರ್ಣಯ ಆದದ್ದು ಆ ಏರಿನಲ್ಲಿ. ಟಿಮ್ ವೆಲೆನ್ಸ್ 2014 ಮತ್ತು 2015ರಲ್ಲಿ ಸತತವಾಗಿ ಗೆದ್ದಾಗ ಓಟಕ್ಕೆ ಒಂದು ಹೆಸರು, 2023ರಲ್ಲಿ ಮತ್ತೆ ಗೆದ್ದಾಗ ಇನ್ನೊಂದು. ಕಲ್ಲಿನ ಏರಿಗೆ ಮಾತ್ರ ಮೊದಲಿನದೇ ಹೆಸರು. ಪ್ರಾಯೋಜಕರು ಬರುತ್ತಾರೆ, ಹೋಗುತ್ತಾರೆ. ಓಟಕ್ಕೆ ಆಧಾರವಾದದ್ದು ರಸ್ತೆ, ಮತ್ತು ರಸ್ತೆಯ ಬದಿಯಲ್ಲಿ ನಿಂತ ಜನ.

ಆ ಜನರೂ ಕೆಲವೊಮ್ಮೆ ಫಲಿತಾಂಶ ಬರೆಯುತ್ತಾರೆ. 2006ರ ಕೊನೆಯ ದಿನ ಅಮೆರಿಕದ ಜಾರ್ಜ್ ಹಿಂಕಾಪಿ ಮುನ್ನಡೆಯಲ್ಲಿದ್ದರು. ಗುರಿ ಕಣ್ಣೆದುರಿಗೆ ಇದ್ದಾಗ ಜರ್ಮನಿಯ ಸ್ಟೆಫಾನ್ ಶುಮಾಖರ್ ರಸ್ತೆಯ ಅಂಚಿನಲ್ಲಿದ್ದವರೊಬ್ಬರಿಗೆ ತಗುಲಿ ವಾಲಿದರು, ಹಿಂಕಾಪಿ ಉರುಳಿಬಿದ್ದರು. ಶುಮಾಖರ್ ಒಟ್ಟು ಸ್ಪರ್ಧೆ ಗೆದ್ದದ್ದು ಒಂದೇ ಒಂದು ಸೆಕೆಂಡಿನಿಂದ! ಮತ್ತೊಂದು ಪಾಠ 2020ರದು. ಕೊರೊನಾ ಕಾಲದಲ್ಲಿ ನೆದರ್ಲೆಂಡ್ಸ್ ತನ್ನ ನೆಲದ ಮೇಲೆ ಓಟಕ್ಕೆ ಅವಕಾಶ ಕೊಡಲಿಲ್ಲ. ಸ್ಪರ್ಧೆ ಬೆಲ್ಜಿಯಂಗೆ ಸೀಮಿತವಾಯಿತು. ನೆದರ್ಲೆಂಡ್ಸ್‌ನವರೇ ಆದ ಮಥ್ಯೂ ವಾನ್ ಡರ್ ಪೂಲ್ ಆ ವರ್ಷದ ಪ್ರಶಸ್ತಿ ಗೆದ್ದದ್ದು ತಮ್ಮ ದೇಶದ ರಸ್ತೆಯನ್ನು ಮುಟ್ಟದೆ. ಅಳಿಸಿಹೋಗಿದೆಯೆಂದು ಭಾವಿಸಿದ್ದ ಗಡಿ ಒಂದು ವಾರದಲ್ಲಿ ಮತ್ತೆ ಎದ್ದು ನಿಂತಿತ್ತು.

ನಮ್ಮಲ್ಲಿ ಇಂಥದ್ದೇನಾದರೂ ಇದೆಯೇ? ಹಲವು ದೇಶಗಳ ಓಟವಿಲ್ಲ. ಆದರೆ ದೇಶಕ್ಕೆ ದೇಶವೇ ಅನ್ನಿಸುವಷ್ಟು ಭಿನ್ನವಾದ ಮೂರು ರಾಜ್ಯಗಳನ್ನು ದಾಟುವ ಸೈಕಲ್ ಯಾತ್ರೆಯೊಂದು ಕರ್ನಾಟಕದಲ್ಲಿ ಹುಟ್ಟಿದೆ. ಬೆಂಗಳೂರಿನ ರೈಡ್ ಎ ಸೈಕಲ್ ಫೌಂಡೇಷನ್ 2008ರ ಡಿಸೆಂಬರಿನಲ್ಲಿ ಆರಂಭಿಸಿದ 'ಟೂರ್ ಆಫ್ ನೀಲಗಿರೀಸ್' ಕರ್ನಾಟಕ, ಕೇರಳ, ತಮಿಳುನಾಡುಗಳ ಬೆಟ್ಟದ ದಾರಿಗಳಲ್ಲಿ ಒಂದು ವಾರಕ್ಕೂ ಹೆಚ್ಚು ಕಾಲ ಸಾಗುತ್ತದೆ. ಮೂಲತಃ ಇದು ಹವ್ಯಾಸಿಗಳ ಪ್ರವಾಸ. ದಾರಿಯ ಕೆಲವು ಭಾಗಗಳಲ್ಲಿ ಮಾತ್ರ ಸಮಯ ಅಳೆದು ಸ್ಪರ್ಧೆ ನಡೆಸುತ್ತಾರೆ. ಮಸಿನಗುಡಿಯಿಂದ ಊಟಿಗೆ ಹತ್ತುವ, 36 ತಿರುವುಗಳ ಕಲ್ಲಟ್ಟಿ ಘಾಟಿ ಅದರ ಕಠಿಣ ಪರೀಕ್ಷೆ. ಕನ್ನಡ, ಮಲಯಾಳ, ತಮಿಳು ಫಲಕಗಳು ಒಂದರ ನಂತರ ಒಂದು ಬರುವ ದಾರಿಯಲ್ಲಿ, ಕಾವೇರಿಯ ನೀರಿಗಾಗಿ ಬಸ್ಸುಗಳು ಗಡಿಯಲ್ಲಿ ನಿಲ್ಲುವ ನಾಡಿನಲ್ಲಿ, ಸೈಕಲ್ಲುಗಳು ಗಡಿ ದಾಟುತ್ತವೆ ಎಂಬುದು ಗಮನಾರ್ಹ.

ಇದಕ್ಕಿಂತ ಹಳೆಯ ಪರಂಪರೆ ಉತ್ತರ ಕರ್ನಾಟಕದ್ದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಒಣನೆಲದ ಹಳ್ಳಿಗಳಿಂದ ಬಂದ ರೈತರ ಮಕ್ಕಳು ರಾಷ್ಟ್ರೀಯ ಸೈಕ್ಲಿಂಗ್‌ನಲ್ಲಿ ದಶಕಗಳಿಂದ ಪದಕ ತರುತ್ತಿದ್ದಾರೆ. ಅವರಲ್ಲಿ ಹಲವರಿಗೆ ರೈಲ್ವೆಯಲ್ಲಿ, ಸೇನೆಯಲ್ಲಿ ನೌಕರಿ ದೊರಕಿಸಿಕೊಟ್ಟಿದ್ದು ಸೈಕಲ್ಲೇ. ಅಷ್ಟಾದರೂ ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದಾಡಿತು. ಮಹಾರಾಷ್ಟ್ರದ ಪುಣೆಯಲ್ಲಿ 2026ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮಾನ್ಯತೆ ಪಡೆದ ಹಲವು ದಿನಗಳ ಓಟ ನಡೆಯಿತು. ವಿದೇಶಿ ತಂಡಗಳು ಬರುವ ಮೊದಲು ಅಲ್ಲಿನ ಆಡಳಿತ ಮಾಡಿದ ಕೆಲಸ ಬಹಳ ಸರಳವಾದದ್ದು: ದಾರಿಯನ್ನು ದುರಸ್ತಿ ಮಾಡಿತು. ಸ್ಪರ್ಧೆಯ ನೆಪವಿಲ್ಲದೆಯೂ ಆಗಬೇಕಾಗಿದ್ದ ಕೆಲಸಕ್ಕೆ ಸ್ಪರ್ಧೆಯೇ ನೆಪವಾಯಿತು.

ಇಷ್ಟನ್ನು ಓದಿದ ಮೇಲೆ ನಮ್ಮೂರಿನ ನಕ್ಷೆಯನ್ನು ಮುಂದಿಟ್ಟುಕೊಂಡು ನೋಡುವ ಆಸೆ ಯಾರಿಗಾದರೂ ಆಗುತ್ತದೆ. ಮೊದಲ ದಿನ ಬ್ರಹ್ಮಾವರದಿಂದ ಹೊರಟು, ಸಾಸ್ತಾನ, ಕೋಟ, ಕೋಟೇಶ್ವರ ಹಾದು, ಕುಂದಾಪುರದಲ್ಲಿ ಪಂಚಗಂಗಾವಳಿಯ ಸೇತುವೆಗಳನ್ನು ದಾಟಿ, ಮರವಂತೆಯ ಗಾಳಿಗೆ ಎದುರಾಗಿ ಬೈಂದೂರಿಗೆ, ಅರವತ್ತು ಕಿ.ಮೀ.ಗೆ ತುಸು ಕಡಿಮೆ. ಎರಡನೆಯ ದಿನ ಬೈಂದೂರಿನಿಂದ ಕೊಲ್ಲೂರು, ಅಲ್ಲಿಂದ ಕಾಡಿನ ನಡುವೆ ಘಟ್ಟ ಹತ್ತಿ ಹೊಸನಗರದ ಕಡೆಗೆ. ಮೂರನೆಯ ದಿನ ಹುಲಿಕಲ್ಲಿನಿಂದ ಬಾಳೆಬರೆ ಘಾಟಿ ಇಳಿದು, ಹೊಸಂಗಡಿ, ಸಿದ್ದಾಪುರ, ಬಸ್ರೂರಿನ ಮೂಲಕ ಮತ್ತೆ ಕುಂದಾಪುರಕ್ಕೆ. ಸಮುದ್ರಮಟ್ಟದಿಂದ ಮಲೆನಾಡಿನ ನೆತ್ತಿಗೆ ಹತ್ತಿ ಇಳಿಯುವ ಇಂಥ ದಾರಿಗಾಗಿ ಯುರೋಪಿನ ಯಾವ ಸಂಘಟಕನೂ ಹಂಬಲಿಸಿಯಾನು. 'ಘಟ್ಟದ ಮೇಲಿನವರು', 'ಘಟ್ಟದ ಕೆಳಗಿನವರು' ಎಂದು ಪರಸ್ಪರ ಗುರುತಿಸಿಕೊಂಡು ಬಂದ ನಮಗೆ ದಾಟಲು ಒಂದು ಗಡಿಯೂ ಇದೆ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಡಿಸೆಂಬರ್, ಜನವರಿಯ ಮುಂಜಾವು ಸೈಕಲ್ಲಿಗೆ ಹೇಳಿ ಮಾಡಿಸಿದ ಕಾಲ.

ಆದರೆ ನಕ್ಷೆಯಿಂದ ತಲೆಯೆತ್ತಿ ರಸ್ತೆಯನ್ನು ನೋಡಿದರೆ ಆಸೆ ಕುಗ್ಗುತ್ತದೆ. ನಾನು ಈ ಭಾಗದ ಪ್ರೌಢಶಾಲೆಗಳಲ್ಲಿ ಮೂರು ದಶಕ ಪಾಠ ಮಾಡಿದವನು. ನಾನು ಹುಡುಗನಾಗಿದ್ದಾಗ ಗಂಟೆಗೆ ನಾಲ್ಕಾಣೆಯ ಬಾಡಿಗೆ ಸೈಕಲ್ಲಿನ ಅಂಗಡಿ ಪ್ರತಿ ಪೇಟೆಯಲ್ಲೂ ಇತ್ತು. ನಾವು ಲೋಕ ಕಂಡದ್ದು ಆ ಸೈಕಲ್ಲಿನ ಮೇಲಿಂದ. ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ನನ್ನ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಸೈಕಲ್ಲುಗಳನ್ನು ಕಂಡಿದ್ದೇನೆ. ನಾಲ್ಕೈದು ಕಿ.ಮೀ. ದೂರದ ಹಾಡಿ, ಹರವುಗಳಿಂದ ನಡೆದು ಬರುತ್ತಿದ್ದ ಹೆಣ್ಣುಮಕ್ಕಳು ಮುಂದಿನ ವಾರದಿಂದ ಗಂಟೆ ಬಾರಿಸುತ್ತ ಬಂದರು. ಬಸ್ಸಿಗೆ ಕಾಯುವುದು, ಬಸ್ಸು ತಪ್ಪಿದರೆ ಶಾಲೆ ತಪ್ಪುವುದು ಕಡಿಮೆಯಾಯಿತು. ಕೋವಿಡ್ ಕಾಲದಲ್ಲಿ ಆ ವಿತರಣೆಗೆ ತಡೆ ಬಿತ್ತು. ಆದರೆ ಸೈಕಲ್ಲುಗಳು ಅಂಗಳದಿಂದ ಕಾಣೆಯಾಗತೊಡಗಿದ್ದು ಅದಕ್ಕೂ ಮೊದಲೇ, ಕಾರಣ ರಸ್ತೆ.

ಹಿಂದೆ 17ನೆಯ ಸಂಖ್ಯೆಯಿದ್ದ, ಈಗ 66 ಆಗಿರುವ ರಾಷ್ಟ್ರೀಯ ಹೆದ್ದಾರಿ ನಾಲ್ಕು ಪಥವಾಯಿತು. ಅದರ ಅಗತ್ಯವನ್ನು ಅಲ್ಲಗಳೆಯುವವನು ನಾನಲ್ಲ. ಇಕ್ಕಟ್ಟಿನ ಹಳೆಯ ರಸ್ತೆಯಲ್ಲಿ ಬಸ್ಸುಗಳ ಮುಖಾಮುಖಿ ಡಿಕ್ಕಿಯಲ್ಲಿ ಜೀವಗಳು ಹೋದದ್ದನ್ನು ಕಂಡವನು. ಆದರೆ ಅಗಲವಾದ ರಸ್ತೆಯಲ್ಲಿ ನಡುವೆ ವಿಭಜಕ ಬಂತು. ಎದುರಿನ ಮನೆಗೆ ಹೋಗಬೇಕಾದವನು ತಿರುವಿನವರೆಗೆ ಹೋಗಿ ಮರಳಿ ಬರಬೇಕು. ಕಾರಿನವನಿಗೆ ಅದು ಎರಡು ನಿಮಿಷದ ಮಾತು. ಸೈಕಲ್ಲಿನ ಹುಡುಗಿಗೆ ಬಿಸಿಲಿನಲ್ಲಿ ಎರಡು ಮೂರು ಕಿ.ಮೀ. ತುಳಿತ. ಆಕೆ ಎದುರು ದಿಕ್ಕಿನಲ್ಲಿ ಅಂಚು ಹಿಡಿದು ಬರುತ್ತಾಳೆ. ಅಪಘಾತವಾದರೆ 'ತಪ್ಪು ದಾರಿಯಲ್ಲಿ ಬಂದಳು' ಎನ್ನುತ್ತೇವೆ. ಸರ್ವೀಸ್ ರಸ್ತೆ ಇರುವಲ್ಲಿ ಅದು ನಡುವೆ ತುಂಡಾಗಿದೆ; ತುಂಡಾಗದಲ್ಲಿ ವಾಹನಗಳ ನಿಲುಗಡೆ. ಸುಂಕ ತೆರದ ಸೈಕಲ್ಲಿಗೆ ಸುಂಕದ ರಸ್ತೆಯಲ್ಲಿ ಜಾಗವಿಲ್ಲ ಎಂಬುದು ಯಾರೂ ಬರೆಯದ, ಎಲ್ಲರೂ ಪಾಲಿಸುವ ಕಾನೂನಾಗಿದೆ.

ಮನೆಮನೆಗೆ ಮೀನು ತರುವ ಪರಿಚಿತರೊಬ್ಬರು ಒಮ್ಮೆ ನಮ್ಮ ಆಡುಮಾತಿನಲ್ಲಿಯೇ ಇದನ್ನು ಹೇಳಿದರು: "ಹ್ವಾಯ್ ಮಾಷ್ಟ್ರೇ, ರೋಡ್ ಅಗಲ ಆಯ್ತ್, ನಮ್ಗ್ ಜಾಗ ಇಲ್ದೇ ಹೋಯ್ತ್." ಅವರ ಓರಗೆಯವರು ಎಂದೋ ಸೈಕಲ್ ಬಿಟ್ಟು ಎಂ-80 ಕೊಂಡರು. ಅದು ಪ್ರಗತಿಯೇ, ಯಾರೂ ಬಡತನದ ಗುರುತಾಗಿ ಸೈಕಲ್ ತುಳಿಯುತ್ತಲೇ ಇರಬೇಕೆಂದು ಬಯಸುವುದು ಕ್ರೌರ್ಯ. ಆದರೆ ಅವರು ಸೈಕಲ್ ಬಿಟ್ಟದ್ದು ಹಣ ಕೂಡಿಬಂದದ್ದರಿಂದಲೋ, ಪ್ರಾಣಭಯದಿಂದಲೋ ಎಂಬ ಪ್ರಶ್ನೆ ಕೇಳಲೇಬೇಕು. ಆಯ್ಕೆಯಿಂದ ಬಿಡುವುದಕ್ಕೂ ಅಂಜಿ ಬಿಡುವುದಕ್ಕೂ ವ್ಯತ್ಯಾಸವಿದೆ.

ಸೈಕಲ್ ಸ್ಪರ್ಧೆ ನಡೆಸಿದರೆ ಪ್ರವಾಸೋದ್ಯಮ ಬೆಳೆಯುತ್ತದೆ ಎನ್ನುವವರಿದ್ದಾರೆ. ಹೋಂಸ್ಟೇಗಳು ತುಂಬಿಯಾವು, ಮರವಂತೆಯ ಚಿತ್ರ ನಾಲ್ಕು ದೇಶಗಳ ಟಿ.ವಿ.ಯಲ್ಲಿ ಬಂದೀತು. ಅದನ್ನು ಬೇಡವೆನ್ನಲಾರೆ. ಎಲ್ಲಿಯ ಓಟವೂ ಕಳಂಕರಹಿತವಲ್ಲ ಎಂಬುದನ್ನೂ ನೆನಪಿಡಬೇಕು. ಉದ್ದೀಪನ ಮದ್ದಿನ ಕಾರಣಕ್ಕೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳು ಟೂರ್ ದ ಫ್ರಾನ್ಸ್ ಪ್ರಶಸ್ತಿಗಳನ್ನು 2012ರಲ್ಲಿ ಕಿತ್ತುಕೊಳ್ಳಲಾಯಿತು. ಹಣ, ಹೆಸರು, ಪ್ರಭುತ್ವ ಯಾವುದೂ ಓಟವನ್ನು ಉಳಿಸುವುದಿಲ್ಲ. ಉಳಿಸಿದ್ದು ಮತ್ತೊಂದು. ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಲ್ಲಿ ಓಟ ಹಾದುಹೋದ ಮರುದಿನವೂ ರಸ್ತೆಯಲ್ಲಿ ಸೈಕಲ್ಲುಗಳಿರುತ್ತವೆ: ಶಾಲೆಗೆ ಹೋಗುವ ಮಕ್ಕಳು, ಸಂತೆಗೆ ಹೋಗುವ ಅಜ್ಜಿಯರು. ನೆದರ್ಲೆಂಡ್ಸ್‌ನಲ್ಲಿ ಆ ದಾರಿಗಳು ತಾವಾಗಿ ಮೂಡಿದವಲ್ಲ. ಕಾರುಗಳ ಅಡಿಗೆ ಸಿಕ್ಕಿ ಸಾಯುತ್ತಿದ್ದ ಮಕ್ಕಳಿಗಾಗಿ 1970ರ ದಶಕದಲ್ಲಿ ತಂದೆತಾಯಿಗಳು ಬೀದಿಗಿಳಿದರು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬುದೇ ಆ ಚಳವಳಿಯ ಹೆಸರಾಗಿತ್ತು. ಸೈಕಲ್ಲಿಗೆ ಪ್ರತ್ಯೇಕ ದಾರಿ ಬಂದದ್ದರಲ್ಲಿ ಆ ಹೋರಾಟದ ಪಾಲು ದೊಡ್ಡದು. ಅಲ್ಲಿ ಸ್ಪರ್ಧೆಯೆಂಬುದು ದಿನನಿತ್ಯದ ಸವಾರಿಯ ಮೇಲೆ ಕಟ್ಟಿದ ಶಿಖರ. ತಳಪಾಯವಿಲ್ಲದೆ ಶಿಖರವನ್ನಷ್ಟೇ ತಂದು ಇಡಲು ಬರುವುದಿಲ್ಲ.

ಆದ್ದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರದ ನಾವು ಮೊದಲು ಕೇಳಬೇಕಾದದ್ದು ಸ್ಪರ್ಧೆಯನ್ನಲ್ಲ. ಹೆದ್ದಾರಿಯ ಎರಡೂ ಬದಿ ತುಂಡಾಗದ ಸರ್ವೀಸ್ ರಸ್ತೆ, ಶಾಲೆಗಳ ಎದುರು ಸುರಕ್ಷಿತ ದಾಟುದಾರಿ, ಸೇತುವೆಗಳ ಮೇಲೆ ಸೈಕಲ್ ಮತ್ತು ಪಾದಚಾರಿಗಳಿಗೆ ಒಂದು ಗಜ ಜಾಗ, ಒಳರಸ್ತೆಗಳ ಅಂಚಿನಲ್ಲಿ ಮಣ್ಣು ಕೊಚ್ಚಿಹೋಗದಂಥ ಬದಿ. ಪಾದಚಾರಿ ಮತ್ತು ಸೈಕಲ್ ಸವಾರರ ಹಕ್ಕನ್ನು ಗುರುತಿಸುವ ಮಸೂದೆಯೊಂದರ ಕರಡು 2021ರಲ್ಲಿಯೇ ಬೆಂಗಳೂರಿನಲ್ಲಿ ಸಿದ್ಧಗೊಂಡಿತ್ತು. ಅದರ ಆಶಯ ರಾಜಧಾನಿಯ ಬೀದಿಗಳಿಗಷ್ಟೇ ಸೀಮಿತವಾಗಬಾರದು. ಹೊಸ ತಾಲ್ಲೂಕುಗಳಾದ ಬೈಂದೂರು, ಬ್ರಹ್ಮಾವರಗಳ ಪೇಟೆಗಳು ಇನ್ನೂ ಬೆಳೆಯುತ್ತಿವೆ. ಬೆಳೆದು ನಿಂತ ಮೇಲೆ ಕೆಡವಿ ದಾರಿ ಬಿಡಿಸುವುದಕ್ಕಿಂತ, ಬೆಳೆಯುವಾಗಲೇ ದಾರಿ ಬಿಡುವುದು ಅಗ್ಗ.

ಇವು ಯಾವುವೂ ಕೋಟಿಗಟ್ಟಲೆಯ ಕನಸಲ್ಲ. ನಾಲ್ಕು ಪಥಗಳಿಗೆ ಸುರಿದ ಹಣದ ಮುಂದೆ ಇದು ಚಿಲ್ಲರೆ. ಕೊರತೆ ಇರುವುದು ಹಣದ್ದಲ್ಲ, ಸೈಕಲ್ಲಿನವನನ್ನು ರಸ್ತೆಯ ಪಾಲುದಾರನೆಂದು ಎಣಿಸುವ ಮನಸ್ಸಿನದು. ಹದಿಮೂರು ವರ್ಷದ ಹುಡುಗಿಯೊಬ್ಬಳು ತೆಕ್ಕಟ್ಟೆಯಿಂದಲೋ ತ್ರಾಸಿಯಿಂದಲೋ ಹೊರಟು, ಅವಳ ತಾಯಿಯ ಎದೆ ಡವಗುಟ್ಟದಂತೆ ಶಾಲೆ ತಲಪಿ ಮನೆಗೆ ಮರಳುವಷ್ಟು ದಾರಿ ನಮ್ಮಲ್ಲಿ ಮೊದಲು ಸಿದ್ಧವಾಗಲಿ. ಆ ದಾರಿಯಲ್ಲಿ ಯಾವ ದೇಶದ ಸವಾರರು ಬೇಕಾದರೂ ಓಡಲಿ. ನಾವು ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟೋಣ.